ಸ್ಟೀರಿಂಗ್ ಹಿಡಿದವನಿಗೆ ಕರೆ ಮಾಡುವವರು ಯಾರು?

ಗುಬ್ಬಿಯಿಂದ ನಿಟ್ಟೂರಿಗೆ ಹೊರಟಿದ್ದ ಆ ಬಾಡಿಗೆ ವಾಹನದಲ್ಲಿ ಚಾಲಕನೂ ಸೇರಿ ನಾವು ಎಂಟು ಮಂದಿಯಿದ್ದೆವು. ಇಬ್ಬರು ಶಾಲಾ ಮಕ್ಕಳು, ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಓರ್ವ ತಾಯಿ, ಕೊಬ್ಬರಿಯ ಧಾರಣೆಯ ಕುರಿತು ಮಾತಾಡುತ್ತಿದ್ದ ಇಬ್ಬರು ವ್ಯಾಪಾರಿಗಳು ಮತ್ತು ನಾನು. ಚಾಲಕ ಇಪ್ಪತ್ತೆರಡು-ಇಪ್ಪತ್ತಮೂರರ ಯುವಕ. ಸಲಾಮ್ ಹೇಳಿ, ಚೀಲವನ್ನು ತಾನೇ ಎತ್ತಿಟ್ಟು, ಮಕ್ಕಳನ್ನು ಜಾಗ್ರತೆಯಿಂದ ಕೂರಿಸಿ ಹೊರಟವನು. ಅವನ ಚಾಲನೆಯಲ್ಲಿ ಹೆಸರಿಡುವಂಥದ್ದೇನೂ ಇರಲಿಲ್ಲ, ಅವನ ಮೊಬೈಲ್ ರಿಂಗಣಿಸುವವರೆಗೆ.

ಮೊದಲ ಕರೆ ತಾಯಿಯದ್ದು. ಮಧ್ಯಾಹ್ನದ ಊಟಕ್ಕೆ ಬರುತ್ತೀಯಾ ಎಂಬ ವಿಚಾರಣೆ. ಎರಡನೆಯದು ವಾಹನದ ಮಾಲಿಕನದ್ದು. ಎಲ್ಲಿದ್ದೀಯಾ, ಇನ್ನೂ ಎಷ್ಟು ಹೊತ್ತು ಎಂಬ ತರಾಟೆ. ಮೂರನೆಯ ಕರೆ ಬಂದಾಗ ಅವನು ಮೊಬೈಲನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಗೇರ್ ಬದಲಾಯಿಸುತ್ತಿದ್ದ. ಅದೇ ಹೊತ್ತಿಗೆ ವೃದ್ಧರೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆಗಿಳಿದರು. ಬ್ರೇಕ್ ಕಿರುಚಿತು. ವೃದ್ಧರು ಉಳಿದರು. ಆದರೆ ಮುಂದಿನ ಸೀಟಿಗೆ ಮುಖ ಬಡಿದ ಶಾಲಾ ಬಾಲಕನ ತುಟಿಯಿಂದ ರಕ್ತ ಸುರಿಯಿತು.

ನಾವೆಲ್ಲರೂ ಸೇರಿ ಚಾಲಕನನ್ನು ಬೈದೆವು. ಅವನು ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: 'ಎತ್ತದಿದ್ದರೆ ಅಮ್ಮಿ ಗಾಬರಿಯಾಗುತ್ತಾರೆ, ಮಾಲಿಕರು ಬೈಯುತ್ತಾರೆ. ನಾನೇನು ಮಾಡಲಿ ಸಾಬ್?'

ಅವನದ್ದು ತಪ್ಪಲ್ಲ ಎಂದು ನಾನು ಖಂಡಿತ ಹೇಳಲಾರೆ. ಎಂಟು ಜೀವಗಳ ಹೊಣೆ ಹೊತ್ತವನಿಗೆ ಯಾವ ನೆಪವೂ ರಕ್ಷಣೆಯಾಗದು. ಆದರೆ ಆ ಪ್ರಶ್ನೆ ಮಾತ್ರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಚಲಿಸುವ ವಾಹನದಲ್ಲಿ ಮೊಬೈಲ್ ಎತ್ತುವವನು ಅಪರಾಧಿ ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಹಾಗಾದರೆ ಆ ಹೊತ್ತಿಗೆ ಅವನಿಗೆ ಕರೆ ಮಾಡಿದವರು ಯಾರು? ಅವರು ನಾವೇ ಅಲ್ಲವೇ?

ಇಷ್ಟಕ್ಕೂ ಈ ಪಿಡುಗು ಎಷ್ಟು ದೊಡ್ಡದು? ಕೇಂದ್ರ ಸರಕಾರದ ಅಂಕಿ-ಅಂಶಗಳ ಪ್ರಕಾರ, ವಾಹನ ಚಲಾಯಿಸುವಾಗ ಮೊಬೈಲ್ ಬಳಸಿದ ಕಾರಣಕ್ಕಾಗಿ 2021ರಲ್ಲಿ ದೇಶದಲ್ಲಿ 1,997 ಅಪಘಾತಗಳಾಗಿ 1,040 ಮಂದಿ ಸಾವಿಗೀಡಾದರು. ಆ ವರ್ಷ ರಸ್ತೆಗಳಲ್ಲಿ ಸತ್ತವರ ಒಟ್ಟು ಸಂಖ್ಯೆ ಒಂದೂವರೆ ಲಕ್ಷಕ್ಕೂ ಅಧಿಕ. ಇದರ ಮುಂದೆ ಸಾವಿರ ಎಂಬುದು ಸಣ್ಣ ಸಂಖ್ಯೆಯಾಗಿ ಕಾಣಬಹುದು. ಆದರೆ ಯೋಚಿಸಿ. ಅಪಘಾತದ ಬಳಿಕ, 'ನನ್ನ ಕೈಯಲ್ಲಿ ಮೊಬೈಲ್ ಇತ್ತು' ಎಂದು ಪೊಲೀಸರ ಮುಂದೆ ಒಪ್ಪಿಕೊಳ್ಳುವ ಚಾಲಕರು ಎಷ್ಟು ಮಂದಿಯಿದ್ದಾರು? ಸತ್ತವನಂತೂ ಹೇಳಲು ಬರುವುದಿಲ್ಲ. ಅತಿವೇಗ, ಅಜಾಗರೂಕತೆ ಎಂಬ ಖಾನೆಗಳಲ್ಲಿ ಸೇರಿಹೋದ ಸಾವುಗಳಲ್ಲಿ ಇನ್ನೆಷ್ಟು ಮೊಬೈಲ್‌ಗಳು ಅಡಗಿವೆಯೋ!

ಲೆಕ್ಕ ಬಹಳ ಸರಳವಾದುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ. ಯಾರ ಕರೆಯೆಂದು ನೋಡಲು ಮೂರು ಸೆಕೆಂಡು ಕಣ್ಣು ತಗ್ಗಿಸಿದರೆ 50 ಮೀಟರ್ ದಾರಿಯನ್ನು ಕುರುಡನಾಗಿ ಸಾಗಿದಂತೆ. ತುಮಕೂರಿನಿಂದ ಗುಬ್ಬಿ, ನಿಟ್ಟೂರು, ತಿಪಟೂರುಗಳತ್ತ ಸಾಗುವ, ಹಿಂದೆ 206 ಎಂದಿದ್ದು ಈಗ 73 ಎಂಬ ಸಂಖ್ಯೆ ಪಡೆದಿರುವ ಹೆದ್ದಾರಿಯನ್ನೇ ನೋಡಿ. ತೆಂಗಿನಕಾಯಿ ತುಂಬಿದ ಲಾರಿ, ಬಸ್ಸು, ಟ್ರ್ಯಾಕ್ಟರ್, ಲಗೇಜ್ ಆಟೋ, ಬೈಕು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ಅಲ್ಲಿದ್ದಾರೆ. ರಸ್ತೆ ಅಗಲವಾದಂತೆ ವೇಗವೂ ಹೆಚ್ಚಿದೆ. ಅಂಥ ದಾರಿಯಲ್ಲಿ 50 ಮೀಟರ್ ಎಂಬುದು ಒಂದು ಇಡೀ ಕುಟುಂಬದ ಅಳಿವು-ಉಳಿವಿನ ಅಂತರ.

'ನಾನು ಮೊಬೈಲ್ ಕೈಯಲ್ಲಿ ಹಿಡಿಯುವುದಿಲ್ಲ, ಕಿವಿಗೆ ಬ್ಲೂಟೂತ್ ಹಾಕಿಕೊಳ್ಳುತ್ತೇನೆ' ಎಂದು ಹೇಳುವವರಿದ್ದಾರೆ. ಆದರೆ ಅಪಾಯ ಇರುವುದು ಕೈಯಲ್ಲಿ ಮಾತ್ರವಲ್ಲ, ಮನಸ್ಸಿನಲ್ಲಿ. ವಾಹನ ಚಲಾಯಿಸುವಾಗ ಮೊಬೈಲ್ ಬಳಸುವವರು ಅಪಘಾತಕ್ಕೀಡಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚು ಮತ್ತು ಕೈಗೆ ಹಿಡಿಯದೆ ಮಾತಾಡುವುದರಿಂದ ಈ ಅಪಾಯ ಹೆಚ್ಚೇನೂ ತಗ್ಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪಕ್ಕದಲ್ಲಿ ಕುಳಿತವರೊಂದಿಗೆ ಮಾತಾಡುವುದಿಲ್ಲವೇ ಎಂದು ನೀವು ಕೇಳಬಹುದು. ಪಕ್ಕದಲ್ಲಿ ಕುಳಿತವನಿಗೆ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ಬಂದಾಗ ಅವನು ತಾನಾಗಿಯೇ ಮೌನವಾಗುತ್ತಾನೆ. ಮೊಬೈಲಿನ ಆ ತುದಿಯಲ್ಲಿರುವವನಿಗೆ ಏನೂ ಕಾಣುವುದಿಲ್ಲ. ತಿರುವಿನಲ್ಲೂ ಅವನು ಉತ್ತರ ಕೇಳುತ್ತಲೇ ಇರುತ್ತಾನೆ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮದ್ಯ ಸೇವಿಸಿದ ಚಾಲಕರನ್ನೂ ಮೊಬೈಲಿನಲ್ಲಿ ಮಾತಾಡುವ ಚಾಲಕರನ್ನೂ ಹೋಲಿಸಿ ನೋಡಿತು. ಮೊಬೈಲಿನಲ್ಲಿ ಮಾತಾಡುವವರು ಬ್ರೇಕ್ ಒತ್ತಲು ತಡ ಮಾಡಿದರು. ಅವರ ಚಾಲನೆಯ ದೋಷ ಮದ್ಯ ಸೇವಿಸಿದವರಿಗಿಂತ ಕಡಿಮೆಯದ್ದೇನೂ ಆಗಿರಲಿಲ್ಲ. ಮದ್ಯದ ವಾಸನೆ ಬಂದರೂ ಮುಖ ತಿರುಗಿಸುವ ಸಮುದಾಯ ನಮ್ಮದು. ಕುಡಿದ ಚಾಲಕನ ವಾಹನಕ್ಕೆ ನಮ್ಮ ಮಕ್ಕಳನ್ನು ನಾವು ಹತ್ತಿಸಲಾರೆವು. ಆದರೆ ಕಿವಿಗೆ ಮೊಬೈಲ್ ಸಿಕ್ಕಿಸಿಕೊಂಡವನ ವಾಹನಕ್ಕೆ ಹತ್ತಿಸುತ್ತೇವೆ. ಮಾತ್ರವಲ್ಲ, ದಾರಿಯಲ್ಲಿ ಅವನಿಗೇ ಕರೆ ಮಾಡಿ, 'ಮಗು ಹತ್ತಿತಾ?' ಎಂದೂ ವಿಚಾರಿಸುತ್ತೇವೆ!

2018ರ ಎಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರದ ಬಳಿ, ಕಾವಲುಗಾರರಿಲ್ಲದ ರೈಲ್ವೆ ಗೇಟಿನಲ್ಲಿ ಶಾಲಾ ವಾಹನವೊಂದಕ್ಕೆ ರೈಲು ಬಡಿದು 13 ಮಕ್ಕಳು ಸಾವಿಗೀಡಾದುದನ್ನು ನೆನಪಿಸಿಕೊಳ್ಳಿ. ಚಾಲಕನ ಕಿವಿಯಲ್ಲಿ ಇಯರ್‌ಫೋನ್ ಇತ್ತೆಂದು ಅಂದಿನ ಪ್ರಾಥಮಿಕ ವರದಿಗಳು ಹೇಳಿದುವು. ರೈಲಿನಂಥ ರೈಲಿನ ಸದ್ದೂ ಕೇಳಿಸದಂತೆ ಮಾಡಬಲ್ಲ ಸಾಧನ ಅದು.

ಕಾನೂನು ಏನು ಮಾಡುತ್ತಿದೆ? 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, ಚಾಲನೆಯ ವೇಳೆ ಮೊಬೈಲನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಬಾರಿಗೆ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳಿನಿಂದ 1 ವರ್ಷದವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ದಾರಿ ತೋರಿಸುವ ನಕಾಶೆಗಾಗಿ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬರದಂತೆ ಮಾತ್ರ ಮೊಬೈಲ್ ಬಳಸಬಹುದೆಂದು 2020ರ ನಿಯಮ ಹೇಳುತ್ತದೆ. ಬೆಂಗಳೂರಿನಲ್ಲೂ ಮೈಸೂರು ಹೆದ್ದಾರಿಯಲ್ಲೂ ಕ್ಯಾಮೆರಾಗಳು ಇಂಥವರನ್ನು ಹಿಡಿಯುತ್ತವೆ. ಒಳ್ಳೆಯದೇ. ಆದರೆ ಎಲ್ಲ ಊರುಗಳ ಎಲ್ಲ ತಿರುವುಗಳಿಗೂ ಕ್ಯಾಮೆರಾ ಬರಲಾರದು. ಬಂದರೂ ಅದು ಎತ್ತಿದವನನ್ನು ಕಾಣುತ್ತದೆಯೇ ಹೊರತು ಕರೆದವನನ್ನು ಕಾಣುವುದಿಲ್ಲ.

ಸರಕಾರದ ಕಣ್ಣಿಗೂ ಕರೆದವನು ಬಿದ್ದಂತಿಲ್ಲ. ಹತ್ತು ನಿಮಿಷಕ್ಕೊಮ್ಮೆ 'ಎಲ್ಲಿದ್ದೀಯಾ' ಎಂದು ಕೇಳುವ ಮಾಲಿಕನಿಗೆ ದಂಡವಿಲ್ಲ. ಬೈಕಿನ ಮೇಲಿರುವ ಯುವಕನ ಮೊಬೈಲಿಗೆ ಹೊಸ ಆರ್ಡರ್ ಕಳುಹಿಸಿ, ಕೆಲವೇ ಸೆಕೆಂಡುಗಳಲ್ಲಿ ಒಪ್ಪಿಕೋ ಎನ್ನುವ ಕಂಪೆನಿಗೂ ದಂಡವಿಲ್ಲ. ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ ಸರಕಾರ 2025ರಲ್ಲಿ ಕಾಯ್ದೆ ತಂದಿರುವುದು ಸ್ವಾಗತಾರ್ಹ. ಆದರೆ ಚಕ್ರ ತಿರುಗುತ್ತಿರುವಾಗ ಮೊಬೈಲ್ ಮುಟ್ಟಬೇಕಾದ ಅನಿವಾರ್ಯತೆಯೇ ಇಲ್ಲದಂತೆ ಮಾಡುವುದು ಪರಿಹಾರಧನಕ್ಕಿಂತ ದೊಡ್ಡ ಭದ್ರತೆಯಲ್ಲವೇ?

ಹಾಗಂತ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ನಿರಾಳರಾಗುವಂತಿಲ್ಲ. ಆಟೋ, ಲಾರಿ, ಟೆಂಪೋ, ಟ್ಯಾಕ್ಸಿಗಳ ಆದಾಯದಿಂದ ಒಲೆ ಉರಿಯುವ ಮನೆಗಳು ನಮ್ಮಲ್ಲಿ ಧಾರಾಳ ಇವೆ. ಆ ಮನೆಗಳ ಅಡುಗೆಕೋಣೆಯಿಂದಲೇ ಈ ಸುಧಾರಣೆ ಆರಂಭವಾಗಬೇಕು.

ಬಹುಶಃ ನಿಮಗೆ ನೆನಪಿರಬಹುದು. 2003ರವರೆಗೆ ಬಂದ ಕರೆಗೂ ಹಣ ತೆರಬೇಕಿತ್ತು. ಆ ಬಳಿಕವೂ ಮಾಡುವ ಕರೆ ದುಬಾರಿಯೇ ಆಗಿತ್ತು. ಆಗ ನಮ್ಮ ಮನೆಗಳಲ್ಲಿ ಮಿಸ್ಡ್ ಕಾಲ್ ಎಂಬುದು ಒಂದು ಭಾಷೆಯಾಗಿತ್ತು. ಒಂದು ರಿಂಗ್ ಬಂದರೆ ತಲುಪಿದೆ ಎಂದರ್ಥ. ಎರಡು ಬಂದರೆ ಬಿಡುವಾದಾಗ ಕರೆ ಮಾಡು ಎಂದರ್ಥ. ಯಾರೂ ಗಾಬರಿಯಾಗುತ್ತಿರಲಿಲ್ಲ, ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಹಣ ಉಳಿಸಲು ನಾವು ಕಲಿತಿದ್ದ ಆ ಸಂಯಮವನ್ನು ಜೀವ ಉಳಿಸಲು ಯಾಕೆ ಮತ್ತೆ ಕಲಿಯಬಾರದು?

ಮನೆಯಲ್ಲಿ ಇಷ್ಟನ್ನು ನಿಶ್ಚಯಿಸಿಕೊಳ್ಳೋಣ. ವಾಹನ ಹತ್ತುವ ಮುನ್ನ ಹೊರಟವನೇ ಕರೆ ಮಾಡಿ ಹೇಳಲಿ, ತಲುಪಿದ ಮೇಲೆ ಮತ್ತೊಮ್ಮೆ ಹೇಳಲಿ. ನಡುವೆ ಯಾರೂ ಕರೆ ಮಾಡದಿರಲಿ. ಕರೆ ಎತ್ತಿದವನು 'ಗಾಡಿಯಲ್ಲಿದ್ದೇನೆ' ಎಂದ ಕೂಡಲೇ, ಮಾತು ಅರ್ಧದಲ್ಲಿದ್ದರೂ ನಾವೇ ಕಡಿದುಬಿಡೋಣ. ತೀರಾ ತುರ್ತಾದರೆ, 'ನಿಲ್ಲಿಸಿ ಕರೆ ಮಾಡು' ಎಂಬ ಸಂದೇಶ ಸಾಕು. ಚಾಲಕನು ಮೊಬೈಲಿನ ಸದ್ದಡಗಿಸಿ ಕೈಗೆಟುಕದ ಕಡೆ ಇಡಲಿ. ವಾಹನ ಚಲಿಸುವಾಗ ಕರೆ, ಸಂದೇಶಗಳ ಸದ್ದನ್ನು ತಡೆಹಿಡಿಯುವ ವ್ಯವಸ್ಥೆ ಇಂದಿನ ಹಲವು ಮೊಬೈಲ್‌ಗಳಲ್ಲಿದೆ. ಅದನ್ನು ಮನೆಯ ಮಕ್ಕಳಿಂದ ಹಾಕಿಸಿಕೊಳ್ಳಲಿ. ನಕಾಶೆ ಬೇಕಿದ್ದರೆ ಹೊರಡುವ ಮೊದಲೇ ಹಚ್ಚಿಕೊಳ್ಳಲಿ. ಮಾತಾಡಲೇಬೇಕಾದರೆ ಸಿಗ್ನಲ್ ದೀಪ ಹಾಕಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು, ಪೆಟ್ರೋಲ್ ಬಂಕಿನಂಥ ಜಾಗದಲ್ಲಿ ನಿಲ್ಲಲಿ. ತಿರುವಿನಲ್ಲಿ, ಸೇತುವೆಯ ಮೇಲೆ ನಿಲ್ಲುವುದು ಇನ್ನೊಂದು ಅಪಘಾತಕ್ಕೆ ಆಹ್ವಾನ. ಪ್ರಯಾಣಿಕರಾದ ನಾವು ಸುಮ್ಮನಿರದೆ, 'ಭಾಯಿ, ನಿಲ್ಲಿಸಿ ಮಾತಾಡಿ, ನಾವು ಕಾಯುತ್ತೇವೆ' ಎಂದು ಹೇಳೋಣ. ಹದಿನೆಂಟು ತುಂಬದ ಮಗನ ಕೈಗೆ ಬೈಕು ಮತ್ತು ಮೊಬೈಲ್ ಎರಡನ್ನೂ ಕೊಟ್ಟು ಕಳುಹಿಸುವ ತಂದೆಯಂತೂ ಒಂದನ್ನು ನೆನಪಿಡಬೇಕು. ಅಪ್ರಾಪ್ತ ವಯಸ್ಕನ ಅಪರಾಧಕ್ಕೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗಿನ ಜೈಲು ಕಾದಿರುವುದು ಪೋಷಕರಿಗೆ ಅಥವಾ ವಾಹನದ ಮಾಲಿಕರಿಗೆ.

ಅಂದು ನಿಟ್ಟೂರಿನಲ್ಲಿ ಇಳಿದಾಗ ಆ ಯುವಕ ಬಾಲಕನ ತುಟಿಯನ್ನು ತನ್ನ ಕರವಸ್ತ್ರದಿಂದ ಒರೆಸುತ್ತಿದ್ದ. ಸೀಟಿನ ಮೇಲಿದ್ದ ಅವನ ಮೊಬೈಲ್ ಮತ್ತೆ ರಿಂಗಣಿಸತೊಡಗಿತು. ಪರದೆಯ ಮೇಲೆ 'ಅಮ್ಮಿ' ಎಂದಿತ್ತು. ಆ ತಾಯಿಗೆ ಮಗನ ಮೇಲಿದ್ದದ್ದು ಪ್ರೀತಿಯೇ. ಆದರೆ ಪ್ರೀತಿಗೂ ಒಂದು ಶಿಸ್ತು ಬೇಕು. ಮಗ ಸುರಕ್ಷಿತನಾಗಿ ಮನೆಗೆ ಮರಳಲಿ ಎಂದು ಬಯಸುವ ತಾಯಿ, ಅವನು ದಾರಿಯಲ್ಲಿರುವಷ್ಟು ಹೊತ್ತು ಅವನಿಗೆ ಕೊಡಬಹುದಾದ ಅತಿ ದೊಡ್ಡ ಉಡುಗೊರೆ ಮೌನ. ಅವನು ಕರೆ ಎತ್ತದಿದ್ದರೆ ಗಾಬರಿಯಾಗಬೇಡಿ. ಎತ್ತದೇ ಇರುವುದೇ ಅವನು ಕ್ಷೇಮವಾಗಿ ಬರುತ್ತಿದ್ದಾನೆ ಎಂಬುದರ ಸೂಚನೆಯಾಗಲಿ.