ಹೈದರಾಬಾದಿನಲ್ಲಿ ವಿಮರ್ಶೆಯ ಓದು

ಸಾಹಿತ್ಯದ ವಿದ್ಯಾರ್ಥಿಗೆ ಕಾವ್ಯಮೀಮಾಂಸೆಯ ರುಚಿ ಹತ್ತಿದಾಗ ಮೊದಲು ಸೆಳೆಯುವುದು ಪರಿಭಾಷೆ. ರಸ, ಧ್ವನಿ, ಔಚಿತ್ಯ, ಸ್ತ್ರೀವಾದ, ನಿರಚನೆ ಎಂಬ ಮಾತುಗಳು ಪ್ರಬಂಧದ ತುಂಬ ಓಡಾಡುತ್ತವೆ. ಈ ಹುಮ್ಮಸ್ಸನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಕಲಿತ ಸಿದ್ಧಾಂತದಿಂದ ಓದಿದ ಕೃತಿಯೊಂದು ಬೇರೆಯಾಗಿ ಕಾಣತೊಡಗಿದ ಮೇಲಷ್ಟೇ ಆ ಹುಮ್ಮಸ್ಸು ಬೇರುಬಿಡುತ್ತದೆ. ಹೈದರಾಬಾದಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಅವುಗಳಲ್ಲಿ ಕನ್ನಡದ ಪಾಲೂ ಇದೆ.

ಉರ್ದು ಮಾಧ್ಯಮದಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಜಿ.ಎಸ್. ಶಿವರುದ್ರಪ್ಪ 1963ರಲ್ಲಿ ಕನ್ನಡದ ರೀಡರ್ ಆಗಿ ಬಂದು, 1966ರವರೆಗೆ ಅಲ್ಲಿದ್ದರು. ಕವಿಯೆಂದು ಅದಾಗಲೇ ಹೆಸರಾಗಿದ್ದ ಅವರಿಗೆ ಮೈಸೂರಿನಲ್ಲಿ ಕುವೆಂಪು ಮಾರ್ಗದರ್ಶನದಲ್ಲಿ ಸಿದ್ಧಪಡಿಸಿದ ‘ಸೌಂದರ್ಯ ಸಮೀಕ್ಷೆ’ಗೆ 1960ರಲ್ಲಿ ಡಾಕ್ಟರೇಟ್ ದೊರೆತಿತ್ತು. ಭಾರತೀಯ ಕಾವ್ಯಮೀಮಾಂಸೆಯನ್ನೂ ಪಾಶ್ಚಾತ್ಯ ವಿಮರ್ಶೆಯನ್ನೂ ಜೊತೆಜೊತೆಗೆ ಇಟ್ಟು ಓದುವ ಅವರ ಕ್ರಮ ಕನ್ನಡ ವಿದ್ಯಾರ್ಥಿಗಳಿಗೆ ದೊಡ್ಡ ಉಪಕಾರ ಮಾಡಿತು. ಮುಂದೆ 1984ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕವನ ಸಂಕಲನಕ್ಕಲ್ಲ, ‘ಕಾವ್ಯಾರ್ಥ ಚಿಂತನ’ಕ್ಕೆ.

ಇಂಥ ಜೋಡಿ ಓದು ಈ ನೆಲಕ್ಕೆ ಹೊಸದಲ್ಲ. ಕನ್ನಡದ ಕಾವ್ಯಮೀಮಾಂಸೆಯ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡವೂ 1956ರ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ವನ್ನು ಆಧಾರವಾಗಿ ಇಟ್ಟುಕೊಂಡರೂ ‘ಕವಿರಾಜಮಾರ್ಗ’ ಕನ್ನಡಕ್ಕೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂದು ತಾನೇ ತೂಗಿ ನೋಡುತ್ತದೆ. ಹೊರಗಿನ ಸಿದ್ಧಾಂತವನ್ನು ಬರಮಾಡಿಕೊಳ್ಳುವ ಕ್ರಮ ಕನ್ನಡದಲ್ಲಿ ಒಂಬತ್ತನೆಯ ಶತಮಾನದಷ್ಟು ಹಳೆಯದು.

ಇನ್ನೊಂದು ನಿದರ್ಶನ ಸ್ತ್ರೀವಾದಿ ವಿಮರ್ಶೆಯದು. ಸೂಸಿ ತಾರು ಮತ್ತು ಕೆ. ಲಲಿತಾ ಹೈದರಾಬಾದಿನಲ್ಲಿದ್ದು ಸಂಪಾದಿಸಿದ ‘ವಿಮೆನ್ ರೈಟಿಂಗ್ ಇನ್ ಇಂಡಿಯಾ’ದ ಎರಡು ಸಂಪುಟಗಳು 1991 ಮತ್ತು 1993ರಲ್ಲಿ ಹೊರಬಂದವು. ಹನ್ನೊಂದು ಭಾಷೆಗಳ ಲೇಖಕಿಯರು ಅಲ್ಲಿದ್ದಾರೆ. ಕನ್ನಡದಿಂದ ಅಕ್ಕಮಹಾದೇವಿ, ಸಂಚಿಯ ಹೊನ್ನಮ್ಮ ಮೊದಲಾದವರು. ಸಂಪಾದಕಿಯರು ಎತ್ತಿಕೊಂಡ ಒಂದು ಪ್ರಸಂಗವನ್ನು ವಿದ್ಯಾರ್ಥಿಗಳು ಓದಲೇಬೇಕು. ಹದಿನೆಂಟನೆಯ ಶತಮಾನದ ತಂಜಾವೂರಿನ ಮುದ್ದುಪಳನಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಬರೆದಳು. ತೆಲುಗಿನ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅದನ್ನು ಅಶ್ಲೀಲವೆಂದರು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ, ಹಿಂದಿನ ಮುದ್ರಣದಲ್ಲಿ ಕೈಬಿಟ್ಟಿದ್ದ ಪದ್ಯಗಳನ್ನೂ ಸೇರಿಸಿ 1910ರಲ್ಲಿ ಕಾವ್ಯವನ್ನು ಮತ್ತೆ ಅಚ್ಚುಹಾಕಿಸಿದರು. ಗಂಡಸರು ಬರೆದ ಶೃಂಗಾರಕ್ಕಿಲ್ಲದ ಆಕ್ಷೇಪ ಹೆಂಗಸು ಬರೆದದ್ದಕ್ಕೆ ಮಾತ್ರ ಏಕೆ ಎಂಬುದು ಅವರ ವಾದ. ಸರ್ಕಾರ ಪುಸ್ತಕವನ್ನು ನಿಷೇಧಿಸಿತು; ನಿಷೇಧ ತೆರವಾದದ್ದು ಸ್ವಾತಂತ್ರ್ಯದ ಹೊತ್ತಿಗೆ. ಕಾವ್ಯದ ಗುಣದೋಷವನ್ನು ನಿರ್ಣಯಿಸುವವರು ಯಾರು, ಯಾವ ಅಧಿಕಾರದಿಂದ ಎಂಬ ಪ್ರಶ್ನೆ ಇಲ್ಲಿ ಪಠ್ಯಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಅದೇ ಪ್ರಶ್ನೆಯೊಂದಿಗೆ ಹೊನ್ನಮ್ಮನ ‘ಹದಿಬದೆಯ ಧರ್ಮ’ಕ್ಕೆ ಬಂದರೆ ಓದು ಇನ್ನಷ್ಟು ಕಠಿಣವಾಗುತ್ತದೆ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಸಂಚಿ ಹಿಡಿಯುತ್ತಿದ್ದ ಈಕೆ ಸಾಂಗತ್ಯದಲ್ಲಿ ಪತಿವ್ರತೆಯ ನಡವಳಿಯನ್ನು ಬೋಧಿಸುತ್ತಾಳೆ. ಹೆಣ್ಣೆಂದು ಹೀಗಳೆಯುವವರನ್ನು ಅದೇ ಕೃತಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬೋಧನೆಯನ್ನು ಮರೆಮಾಚಿ ಆಕೆಯನ್ನು ಸ್ತ್ರೀವಾದಿಯೆನ್ನುವುದು ಸುಲಭ, ಪ್ರತಿಭಟನೆಯನ್ನು ಬದಿಗಿಟ್ಟು ಸಂಪ್ರದಾಯಸ್ಥೆಯೆನ್ನುವುದೂ ಅಷ್ಟೇ ಸುಲಭ. ಎರಡೂ ಒಂದೇ ಕಾವ್ಯದಲ್ಲಿ ಹೇಗೆ ಸೇರಿವೆ ಎಂದು ಪದ್ಯಪದ್ಯ ಹಿಡಿದು ವಿವರಿಸುವುದು ವಿಮರ್ಶೆಯ ವಿದ್ಯಾರ್ಥಿಯ ಕೆಲಸ.