ಪೋಲ್ಕಾ ದೊಡ್ಡವರ ಕುಣಿತವೇ?

ಮಂಗಳೂರು ಕಡೆಯ ನಮ್ಮ ಮದುವೆಗಳಲ್ಲಿ ಬ್ಯಾಂಡು ವಾಲ್ಟ್ಸ್ ಶುರುಮಾಡಿದರೆ ಸ್ಟೆಪ್ ಬಲ್ಲವರಷ್ಟೇ ಏಳುತ್ತಾರೆ. ಹಳ್ಳಿಯ ನೆಂಟರು 'ಅದು ದೊಡ್ಡವರ ಡ್ಯಾನ್ಸ್' ಎಂದು ಕೂತೇ ಇರುತ್ತಾರೆ.

ನಿಜವೇ? ಪೋಲ್ಕಾವನ್ನೇ ನೋಡಿ. ಅದು ಹುಟ್ಟಿದ್ದು 1830ರ ದಶಕದಲ್ಲಿ, ಈಗಿನ ಚೆಕ್ ದೇಶದ ಬೊಹೆಮಿಯಾದ ಜನಪದರ ನಡುವೆ. ಎರಡೆಣಿಕೆಯ ತಾಳ, ಮೂರು ಚುರುಕು ಹೆಜ್ಜೆ, ಒಂದು ಜಿಗಿತ, ಅಷ್ಟೇ. 1840ರ ದಶಕದಲ್ಲಿ ಪ್ಯಾರಿಸ್, ಲಂಡನ್ನಿನ ಬಾಲ್‌ರೂಮ್ ಸೇರಿದ ಮೇಲೆ ಅದಕ್ಕೆ ಕೋಟು, ಗೌನಿನ ಠೀವಿ ಬಂತು. ವಾಲ್ಟ್ಸ್ ಕೂಡ ಆಸ್ಟ್ರಿಯಾ, ದಕ್ಷಿಣ ಜರ್ಮನಿಯ ಹಳ್ಳಿ ಕುಣಿತದಿಂದಲೇ ಬೆಳೆದದ್ದು.

ಆದ್ದರಿಂದ ಯುವಜನರಾದ ನಮ್ಮ ಅಭಿಪ್ರಾಯವಿಷ್ಟು: ಸ್ಟೆಪ್ ಬಲ್ಲವರು ರೋಸ್ ದಿನ ಸಂಜೆಯೇ ಮನೆಮಂದಿಗೆಲ್ಲ ಎರಡು ಹೆಜ್ಜೆ ಕಲಿಸಲಿ. ಮದುವೆಯ ದಿನ ಮೊದಲ ಹಾಡಿಗೇ ಅಜ್ಜಿ, ಮಾಮಂದಿರ ಕೈಹಿಡಿದು ಕರೆತರೋಣ. ಕಾನಾ ಊರಿನ ಮದುವೆಯಲ್ಲಿ ಯೇಸು ಉಳಿಸಿಕೊಟ್ಟ ಸಂತೋಷ ಕೆಲವರಿಗಷ್ಟೇ ಅಲ್ಲವಲ್ಲ!