ಕಾಲಿಗೆ ಪ್ಲಾಸ್ಟರು, ಕೈಯಲ್ಲಿ ವಿಮಾನ!

ಈ ಅಂಕಣ ಇಷ್ಟು ದಿನ ಯಾಕೆ ಕಾಣಲಿಲ್ಲ ಎಂದು ಕೇಳಿದ ಓದುಗ ಮಿತ್ರರಿಗೆಲ್ಲ ಒಂದೇ ಉತ್ತರ - ಬಿದ್ದೆ! ಫೈಟಿಂಗ್ ಸೀನಿನಲ್ಲಲ್ಲ ಸ್ವಾಮಿ, ನಮ್ಮ ಮನೆ ಮೆಟ್ಟಿಲ ಮೇಲೆ, ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು. ಬಲಗಾಲಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರು.

ಮೊದಲ ವಾರ ಬಂದವರಿಗೆಲ್ಲ ಬಿದ್ದ ಕಥೆ ಹೇಳಿದೆ. ಎರಡನೇ ವಾರ ಕೇಳೋರೇ ಇಲ್ಲ. "ರೀ, ಸುಮ್ನೆ ಗೊಣಗೋ ಬದ್ಲು ಮೊಮ್ಮಗನಿಗೆ ಏನಾದ್ರೂ ಮಾಡ್ಕೊಡಿ" ಅಂದಳು ಮನೆಯಾಕೆ. ಹಾಗೆ ಶುರುವಾಯಿತು ವಿಮಾನ.

ಆರಿಸಿದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ 'ಪುಷ್ಪಕ್'. 1958ರಲ್ಲಿ ಮೊದಲು ಹಾರಿದ, ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿಗೆ ಹಾರಲು ಕಲಿಸಿದ ಎರಡು ಸೀಟಿನ ವಿಮಾನ. ರೆಕ್ಕೆ ತುದಿಯಿಂದ ತುದಿಗೆ 36 ಅಡಿ. ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿದರೆ 18 ಅಂಗುಲ. ತೊಡೆ ಮೇಲಿನ ಹಲಗೆಗೆ ಸರಿಹೋಯಿತು! ಬಾಲ್ಸಾ ಕಡ್ಡಿ, ಬ್ಲೇಡು, ಗುಂಡುಸೂಜಿ, ಅಂಟು, ಹೊದಿಸಲು ಟಿಶ್ಯೂ ಕಾಗದ, ಮೂತಿಯ ಫ್ಯಾನು ತಿರುಗಿಸಲು ರಬ್ಬರು. ಅಂಟು ಒಣಗುವ ತನಕ ಕಡ್ಡಿ ಮುಟ್ಟಬಾರದು. ಮುಟ್ಟಿದೆ, ಕಿತ್ತುಬಂತು. ಮೂಳೆಯೂ ಹಾಗೇ ಅಲ್ಲವೇ?

ಆಗ ನೆನಪಾದದ್ದು ರಾಬರ್ಟ್ ಆಲ್ಡ್ರಿಚ್ ನಿರ್ದೇಶಿಸಿದ 1965ರ ಚಿತ್ರ 'ದಿ ಫ್ಲೈಟ್ ಆಫ್ ದಿ ಫೀನಿಕ್ಸ್'. ಮರಳುಗಾಡಿನಲ್ಲಿ ವಿಮಾನ ಬೀಳುತ್ತದೆ. ಬದುಕುಳಿದವರು ಅದರ ತುಂಡುಗಳಿಂದಲೇ ಹೊಸ ವಿಮಾನ ಕಟ್ಟುತ್ತಾರೆ. ಕೆಲಸ ಬಹುಪಾಲು ಮುಗಿದ ಮೇಲೆ ಪೈಲಟ್ ಜೇಮ್ಸ್ ಸ್ಟುವರ್ಟ್‌ಗೆ ತಿಳಿಯುತ್ತದೆ - ನಕ್ಷೆ ಹಾಕಿದ ಹಾರ್ಡಿ ಕ್ರೂಗರ್ ಮಾಡುತ್ತಿದ್ದದ್ದು ಬರೀ ಮಾದರಿ ವಿಮಾನ! ಎದೆ ಧಸಕ್ ಎನ್ನುತ್ತದೆ. ಆದರೆ ಕ್ರೂಗರ್ ವಾದ ನೋಡಿ: ಮಾದರಿ ವಿಮಾನದಲ್ಲಿ ಪೈಲಟ್ ಇಲ್ಲ, ತಪ್ಪಿದರೆ ತಿದ್ದುವವರಿಲ್ಲ. ಅದು ತನ್ನನ್ನು ತಾನೇ ಸಂಭಾಳಿಸಿಕೊಳ್ಳಬೇಕು. ಆ ಚಿತ್ರಕ್ಕಾಗಿ ನಿಜವಾಗಿ ಹಾರಿದ ಪಾಲ್ ಮ್ಯಾಂಟ್ಜ್ 1965ರ ಜುಲೈ 8ರಂದು ಅಪಘಾತದಲ್ಲಿ ಪ್ರಾಣ ಬಿಟ್ಟರು. ನಾವು ಸೀಟಿ ಹೊಡೆಯುವ ಸೀನುಗಳಿಗೆ ಇಂಥ ಬೆಲೆಯೂ ಉಂಟು.

ನನ್ನ ಪ್ಲಾಸ್ಟರು ಬಿಚ್ಚಿದರು. "ಕಾಲೂರಿ ನಡೀರಿ, ಏನೂ ಆಗಲ್ಲ" ಅಂದರು ಡಾಕ್ಟರು. ಆದರೆ ನನಗೆ ಭಯ! ಹತ್ತು ದಿನ ಊರುಗೋಲು ಬಿಡಲಿಲ್ಲ. ಇನ್ನು ಹೀಗೇ ಏನೋ ಎಂದು ಒಳಗೊಳಗೇ ಅತ್ತದ್ದೂ ಉಂಟು.

ಒಂದು ಸಂಜೆ ಅಂಗಳದಲ್ಲಿ ಮೊಮ್ಮಗ ವಿಮಾನ ಬಿಟ್ಟ. ಮೂತಿ ಮೇಲೆತ್ತಿ, ಗಕ್ಕನೆ ನಿಂತು, ಧೊಪ್ಪನೆ ಬಿತ್ತು. ಬಾಲ ಭಾರ! ಮೂತಿಗೆ ಕಡಲೆಕಾಳಿನಷ್ಟು ಜೇಡಿಮಣ್ಣು ಮೆತ್ತಿದೆ. "ತಾತ, ಈ ಸಲ ನೀನೇ ಬಿಡು" ಅಂದ.

ಅದನ್ನು ಬಿಡಲು ಎರಡು ಕೈ ಬೇಕು - ಒಂದು ಫ್ಯಾನು ಹಿಡಿಯಲು, ಒಂದು ಒಡಲು ಹಿಡಿಯಲು. ಊರುಗೋಲನ್ನು ಗೋಡೆಗೆ ಒರಗಿಸಿದೆ. ಬಿಟ್ಟೆ. "ಹೋಯ್ತು ತಾತ, ಹೋಯ್ತು!" ಎಂದು ಹುಡುಗ ಕಿರುಚಿದ.

ಎಷ್ಟು ದೂರ ಹಾರಿತು ಅಂತೀರಾ? ನಾನು ನೋಡಲೇ ಇಲ್ಲ. ನನ್ನ ಎರಡು ಕಾಲನ್ನೇ ನೋಡ್ತಾ ನಿಂತಿದ್ದೆ!

ಮುಂದಿನ ವಾರದಿಂದ ಮತ್ತೆ ಸ್ಟುಡಿಯೋ ಸುತ್ತಾಟ. ಮೆಟ್ಟಿಲು ನೋಡಿಕೊಂಡು.